ಬಸುರಿಯರಿಗೆ ಕಬ್ಬಿಣವೆಂದು ಸೀಮೆಸುಣ್ಣ ಕೊಟ್ಟವರಿಗೆ

ತಾಯಂದಿರ ದವಾಖಾನೆಯ ಮುಖ್ಯ ವೈದ್ಯಾಧಿಕಾರಿಗಳಿಗೆ,
ನಾಗಪುರ

ಮಾನ್ಯರೇ,

ಈ ವರ್ಷ ಸಂಕ್ರಾಂತಿಯಿಂದ ಯುಗಾದಿಯವರೆಗೆ ನಮ್ಮ ರೈಲ್ವೆ ಚಾಳಿನ ಏಳು ಜನ ಬಸುರಿಯರಿಗೆ ನೀವು ಕಬ್ಬಿಣ ಮತ್ತು ಜೀವಸತ್ವದ ಗುಳಿಗೆಗಳೆಂದು ಹೇಳಿ, ಕೆಂಪು ಬಣ್ಣ ಹಚ್ಚಿದ ಸೀಮೆಸುಣ್ಣದ ಗುಳಿಗೆಗಳನ್ನು ಕೊಟ್ಟಿರಿ. ನಿಮ್ಮ ಕೈಯಿಂದ ಕೊಡಲಿಲ್ಲ, ನನ್ನ ಕೈಯಿಂದ ಕೊಡಿಸಿದಿರಿ. ಅದು ಸುಣ್ಣವೆಂದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಹೇಳಬೇಕಾದ ಮಾತು ಇಷ್ಟೇ. ಆದರೆ ಇಷ್ಟೇ ಹೇಳಿ ಸುಮ್ಮನಾದರೆ ಓದುವವರು ನನ್ನನ್ನೇ ಸುಳ್ಳು ಹೇಳುವವಳು ಎಂದಾರು. ನೀವು ನಾಗಪುರದ ಕನ್ನಡಿಗರಲ್ಲಿ ದೊಡ್ಡ ಹೆಸರಿನವರು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ನಾನು ಮಾತಿನವಳಲ್ಲ. ನಾಲ್ಕು ಜನ ಕೂತಲ್ಲಿ ನನಗೆ ಬಾಯಿ ಬರುವುದಿಲ್ಲ. ನಳದ ಮುಂದೆ ಕೊಡ ಹಿಡಿದು ನಿಂತು, ಈಗ ನನ್ನ ಪಾಳಿ ಎಂದು ಹೇಳಲಾರದೆ ಎಷ್ಟೋ ದಿನ ಎಲ್ಲರಿಗಿಂತ ಕಡೆಗೆ ನೀರು ತಂದಿದ್ದೇನೆ. ಬರೆಯುವುದು ಮಾತ್ರ ಸ್ವಲ್ಪ ಬರುತ್ತದೆ. ಈ ವಾರಪತ್ರಿಕೆಯ ಹೆಂಗಸರ ಪುಟಕ್ಕೆ ಎರಡು ಸಣ್ಣ ಬರಹಗಳನ್ನು ಕಳಿಸಿದ್ದೆ, ಅಚ್ಚಾದವು. ಅವನ್ನು ಓದಿ ನೀವು ನನ್ನನ್ನು ಕರೆಸಿ ಬೆನ್ನು ತಟ್ಟಿದಿರಿ. ಪತ್ರಿಕೆ ನಿಮ್ಮ ಮೇಜಿಗೂ ಬರುತ್ತದೆ, ನಮ್ಮ ಚಾಳಿಗೂ ಬರುತ್ತದೆ. ಅದಕ್ಕೇ ಈ ಪತ್ರವನ್ನು ಇಲ್ಲಿಗೆ ಕಳಿಸಿದ್ದೇನೆ. ಯುಗಾದಿಯಾದ ಮೇಲೆ ಎರಡು ಸಲ ನಿಮ್ಮ ಬಾಗಿಲಿಗೆ ಬಂದೆ. ಎರಡು ಸಲವೂ ನೀವು ಕೆಲಸದಲ್ಲಿದ್ದೀರಿ ಎಂದು ಹೇಳಿ ಕಳಿಸಿದರು. ಇರಲಿ. ಪತ್ರಿಕೆ ಓದುವಷ್ಟು ಬಿಡುವು ನಿಮಗೆ ಇದೆಯೆಂಬುದನ್ನು ನಾನೇ ಕಂಡಿದ್ದೇನೆ.

ನಾನು ಮದುವೆಯಾಗಿ ಗದಗಿನಿಂದ ನಾಗಪುರಕ್ಕೆ ಬಂದು ಎರಡು ವರ್ಷ ಆಗುತ್ತ ಬಂತು. ನಮ್ಮ ಯಜಮಾನರು ಲೋಕೋ ಶೆಡ್ಡಿನಲ್ಲಿ ಫಿಟ್ಟರು. ಬಂದ ಮೊದಲ ಬೇಸಿಗೆಯಲ್ಲಿಯೇ ಬಸುರಿಯಾದೆ. ಈ ಊರಿನ ಬಿಸಿಲು ಬಲ್ಲವರಿಗೆ ಅದರ ಕಷ್ಟ ಹೇಳಬೇಕಾಗಿಲ್ಲ. ಒಂದು ಬೆಳಿಗ್ಗೆ ನಳದ ಹತ್ತಿರ ಕಣ್ಣು ಕತ್ತಲೆಗೂಡಿ ಬಿದ್ದೆ. ಹೆಂಗಸರು ಎತ್ತಿಕೊಂಡು ನಿಮ್ಮ ದವಾಖಾನೆಗೆ ತಂದರು. ನನಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಬರುತ್ತಿರಲಿಲ್ಲ. ಎಲ್ಲಿ ನೋವು ಎಂದು ಯಾರೋ ಕೇಳುತ್ತಿದ್ದರು, ನಾನು ಸುಮ್ಮನೆ ಅಳುತ್ತಿದ್ದೆ. ಆಗ ನೀವು ಬಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಾಗ ರಕ್ತನ ಇಲ್ಲಲ್ಲವಾ ನಿನಗ" ಎಂದಿರಿ. ಧಾರವಾಡದ ಮಾತು. ಆ ಒಂದು ಮಾತಿಗೆ ನನಗೆ ತಾಯಿಯೇ ಬಂದಷ್ಟು ಧೈರ್ಯವಾಯಿತು. ದಿನಕ್ಕೆ ಎರಡು ಕೆಂಪು ಗುಳಿಗೆ, ಊಟವಾದ ಮೇಲೆ, ಚಹಾದ ಜೊತೆ ಬೇಡ, ಕಬ್ಬಿಣ ಇರುವುದರಿಂದ ಹೊರಕಡೆಗೆ ಹೋದದ್ದು ಕಪ್ಪಾಗುತ್ತದೆ, ಹೆದರಬೇಡ, ಕಪ್ಪಾದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದು ತಿಳಿ ಎಂದು ನಿಧಾನವಾಗಿ ಬಿಡಿಸಿ ಹೇಳಿದಿರಿ. ಐದು ತಿಂಗಳು ನುಂಗಿದೆ. ನನ್ನ ಮಗಳು ಆರೂವರೆ ಪೌಂಡು ತೂಗಿದಳು. ಅವಳು ಅತ್ತದ್ದು ಚಾಳಿನ ಆ ತುದಿಗೂ ಕೇಳಿಸಿತೆಂದು ಹೇಳುತ್ತಾರೆ.

ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಗುಳಿಗೆಯನ್ನು ಹಳಿಯಲು ನಾನು ಕೂತಿಲ್ಲ. ಬಸುರಿಗೆ ಆ ಗುಳಿಗೆ ಬೇಕು. ಅದನ್ನು ನನ್ನ ಮೈಯೇ ಬಲ್ಲದು. ನೀವು ನನಗೆ ಮಾಡಿದ ಉಪಕಾರವನ್ನು ಮರೆತಿದ್ದರೆ ಈ ಪತ್ರವನ್ನು ಸಿಟ್ಟಿನಿಂದ ಒಂದೇ ಉಸಿರಿಗೆ ಬರೆದು ಮುಗಿಸುತ್ತಿದ್ದೆ. ಮರೆಯಲಾರದೆ ಹತ್ತು ದಿನ ತೆಗೆದುಕೊಂಡೆ.

ಮಗಳಿಗೆ ಎಂಟು ತಿಂಗಳಾದಾಗ ನೀವು ನನಗೊಂದು ಕೆಲಸ ಹೇಳಿದಿರಿ. ಚಾಳಿನ ಹನ್ನೊಂದು ಕನ್ನಡ ಮನೆಗಳಿಗೆ ಹೋಗಿ ಬಸುರಿಯರು ಗುಳಿಗೆ ನುಂಗುವಂತೆ ಮಾಡಬೇಕು. ನನ್ನಿಂದ ಆಗುವುದಿಲ್ಲ ಎಂದೆ. ನಿನ್ನ ಕೂಸನ್ನು ಎತ್ತಿಕೊಂಡು ಹೋಗು, ಮಾತು ಅದೇ ಆಡುತ್ತದೆ ಎಂದಿರಿ. ಹೋದೆ. ಸೆರಗು ಬಾಯಿಗೆ ಹಿಡಿದುಕೊಂಡೇ ಹೋದೆ. ಒಬ್ಬರು ಗುಳಿಗೆಯಲ್ಲಿ ಮೀನಿನ ಎಣ್ಣೆ ಇದೆಯಂತೆ ಎಂದರು. ನಿಮ್ಮನ್ನು ಕೇಳಿ ಬಂದು, ಇಲ್ಲವೆಂದು ಹೇಳಿದೆ. ಇನ್ನೊಬ್ಬರು ಉಷ್ಣವೆಂದರು. ಎಲ್ಲರಿಗಿಂತ ಗಟ್ಟಿಯಾಗಿ ನಿಂತವಳು ನಮ್ಮ ಪಕ್ಕದ ಮನೆಯ ಲಕ್ಷ್ಮವ್ವ. ಅವಳ ಮಗ ಉಮಾಕಾಂತ ನಮ್ಮ ಯಜಮಾನರ ಜೊತೆಯೇ ಶೆಡ್ಡಿಗೆ ಹೋಗುವವನು. ಸೊಸೆ ತುಂಗಾಳಿಗೆ ಹತ್ತೊಂಬತ್ತು ವರ್ಷ, ಚೊಚ್ಚಲ ಬಸಿರು. ತಾಯಿ ಇಲ್ಲದ ಹುಡುಗಿ, ಹೆರಿಗೆಗೆ ಹೋಗಲು ತವರೆಂಬುದಿಲ್ಲ. ಲಕ್ಷ್ಮವ್ವ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ, "ಗುಳಿಗಿ ತಿಂದು ಹೊಟ್ಯಾಗಿನ ಕೂಸು ದಪ್ಪ ಆದ್ರ ಹಡಿಯಾಕಿ ನೀನಲ್ಲ, ನಿಮ್ಮ ಡಾಕ್ಟರಬಾಯಿನೂ ಅಲ್ಲ. ನಮ್ಮ ಹುಡುಗಿ" ಎಂದಳು.

ಅವಳ ಮುಂದೆ ವಾದ ಮಾಡುವ ಶಕ್ತಿ ನನಗಿರಲಿಲ್ಲ. ಮರುದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಮನೆಗಳ ಮುಂದಿನ ಗ್ಯಾಲರಿಯಲ್ಲಿ ಚಾಪೆ ಹಾಸಿ ಕೂತೆ. ಒಪ್ಪಿದ ಇಬ್ಬರನ್ನು ಕರೆದೆ. ಶೇಂಗಾ, ಬೆಲ್ಲ ತಿಂದೆವು, ಮೇಲೆ ಅವರು ಗುಳಿಗೆ ನುಂಗಿದರು, ಬಾಯಿ ತೆರೆದು ತೋರಿಸಿದರು. ನಾಲ್ಕೇ ದಿನದಲ್ಲಿ ಇಬ್ಬರಿದ್ದವರು ಐವರಾದರು. ಶೆಡ್ಡಿನಿಂದ ಬರುವ ಗಂಡಸರು ಮೆಟ್ಟಿಲು ಹತ್ತುತ್ತ, "ಗುಳಿಗಿ ಪಂಗತಿ ಕೂತೈತಿ, ತುಪ್ಪ ಬಡಸವ್ರು ಯಾರು?" ಎಂದು ನಗುತ್ತಿದ್ದರು. ಹದಿನೈದು ದಿನಕ್ಕೆ ತುಂಗಾ ತಾನೇ ಬಂದು ಕೂತಳು. ಲಕ್ಷ್ಮವ್ವ ಬಾಗಿಲಿನ ಸಂದಿಯಿಂದ ನೋಡಿದಳು, ಬೈಯಲಿಲ್ಲ. ಸೊಸೆಯ ಮುಖಕ್ಕೆ ಬಣ್ಣ ಬಂದದ್ದನ್ನು ಕಂಡ ಮೇಲೆ, ನಾಲ್ಕು ಹೊಡೆಯಿತೆಂದು ಕೂಗಿ ಅವಳನ್ನು ಎಬ್ಬಿಸುವವಳು ಅವಳೇ ಆದಳು.

ಫೆಬ್ರವರಿಯ ಕೊನೆಗೆ, ಏಳನೆಯ ತಿಂಗಳಲ್ಲಿ, ತುಂಗಾಳಿಗೆ ಕುಬಸ ಮಾಡಿದರು. ತಾಯಿಯ ಸ್ಥಾನದಲ್ಲಿ ಲಕ್ಷ್ಮವ್ವನೇ ನಿಂತಳು. ನೀವು ಧಾರವಾಡದವರು, ಬಸುರಿಯ ಉಡಿ ತುಂಬುವುದೆಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಹುಳುಕು ಅಡಿಕೆ ನಡೆಯುವುದಿಲ್ಲ, ಒಡಕು ಕೊಬ್ಬರಿ ನಡೆಯುವುದಿಲ್ಲ. ಹಾಕುವವರು ಪ್ರತಿಯೊಂದನ್ನೂ ತಿರುವಿ ನೋಡಿ ಹಾಕುತ್ತಾರೆ. ಅಂದು ಲಕ್ಷ್ಮವ್ವ ಅಕ್ಕಿ ಹಾಕಿದಳು, ಉತ್ತತ್ತಿ ಹಾಕಿದಳು, ಅರಿಶಿನ ಬೇರು, ಎಲೆ ಅಡಿಕೆ, ಕೊಬ್ಬರಿ ಗಿಟುಕು ಹಾಕಿದಳು. ಆಮೇಲೆ ದೇವರ ಗೂಡಿನಿಂದ ನಿಮ್ಮ ದವಾಖಾನೆಯ ಕಾಗದದ ಪೊಟ್ಟಣ ತಂದು, ಅರಿಶಿನ ಕುಂಕುಮ ಹಚ್ಚಿ ಅದನ್ನೂ ಉಡಿಯಲ್ಲಿ ಹಾಕಿದಳು. ಕೂಡಿದ ಹೆಂಗಸರು ನಕ್ಕರು. ಅವಳು ನಗಲಿಲ್ಲ. ನಾನು ಅದೇ ಸಂಜೆ ಓಡಿ ಬಂದು ನಿಮಗೆ ಹೇಳಿದೆ. ನೀವು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಿರಿ, ಚಲೋ ಆತು ಎಂದಿರಿ, ಮತ್ತೆ ಬರೆಯತೊಡಗಿದಿರಿ. ಆ ಪೊಟ್ಟಣದಲ್ಲಿ ಇದ್ದದ್ದು ಏನೆಂದು ಆಗ ಆ ಕೋಣೆಯಲ್ಲಿ ಒಬ್ಬರಿಗೇ ಗೊತ್ತಿತ್ತು. ಆ ಕ್ಷಣವನ್ನು ನಾನು ಈಗ ದಿನಕ್ಕೆ ಎಷ್ಟು ಸಲ ನೆನೆಯುತ್ತೇನೋ ಲೆಕ್ಕವಿಲ್ಲ. ಆಗಲೂ ಹೇಳಬಹುದಿತ್ತಲ್ಲ?

ಇನ್ನು ಬರೆಯಬೇಕಾದದ್ದು ನಾಚಿಕೆಯ ಸಂಗತಿ. ಓದುವವರು ಕ್ಷಮಿಸಬೇಕು. ಆದರೆ ಸಾಕ್ಷಿ ಅದರಲ್ಲೇ ಇದೆ. ಕುಬಸಕ್ಕಿಂತ ಮೊದಲೇ, ಸಂಕ್ರಾಂತಿಯಾಗಿ ಐದಾರು ದಿನಕ್ಕೆ ಹೆಂಗಸರು ಹೊರಕಡೆ ಈಗ ಕಪ್ಪಾಗುವುದಿಲ್ಲ ಎಂದು ಹೇಳತೊಡಗಿದರು. ಪಂಗತಿಯಲ್ಲಿ ಕೂತಿದ್ದ ಚಂದ್ರಮ್ಮ ನನ್ನ ಕಿವಿಯ ಹತ್ತಿರ ಬಾಗಿ, "ಕಬ್ಬಣ ತೀರಿತು ಕಲಾವತಿ, ಈಗ ಬಂಗಾರ ಹೊಂಟೈತಿ" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಮನಸ್ಸಿಗೆ ಸಮಾಧಾನವಾಗದೆ ನಿಮ್ಮನ್ನು ಕೇಳಿದೆ. ಶರೀರಕ್ಕೆ ರೂಢಿಯಾಗಿದೆ, ಈಗ ಕಬ್ಬಿಣವೆಲ್ಲ ರಕ್ತಕ್ಕೇ ಸೇರುತ್ತಿದೆ ಎಂದು ನೀವು ಹೇಳಿದಿರಿ. ನಾನು ಅದನ್ನು ತಂದು ಏಳೂ ಜನಕ್ಕೆ ಹೇಳಿದೆ, ಒಂದು ಅಕ್ಷರ ಬಿಡದೆ. ಕಲಿತವರು ಇಷ್ಟು ಚೆನ್ನಾಗಿ ಸುಳ್ಳನ್ನು ಬಿಡಿಸಿ ಹೇಳಬಲ್ಲರೆಂದು ನನಗೆ ಶಾಲೆಯಲ್ಲಿ ಯಾರೂ ಕಲಿಸಿರಲಿಲ್ಲ.

ಮಾರ್ಚಿನ ಹೊತ್ತಿಗೆ ತುಂಗಾಳಿಗೆ ಗ್ಯಾಲರಿಯ ಮೆಟ್ಟಿಲು ಹತ್ತುವಾಗ ನಡುವೆ ಕೂರಬೇಕಾಯಿತು. ಕಾಲು ಬಾತವು. ಉಗುರು ಬೆಳ್ಳಗಾದವು. ಬಿಸಿಲಿನ ದೆಸೆ ಎಂದರು, ಚೊಚ್ಚಲ ಎಂದರು. ಲಕ್ಷ್ಮವ್ವ ಮೊದಲು ರಾಜಗಿರಿ ಸೊಪ್ಪು, ಮೊಳಕೆ ಕಾಳು ಎಂದು ಒತ್ತಾಯ ಮಾಡಿ ತಿನ್ನಿಸುತ್ತಿದ್ದಳು. ವಾಂತಿಯಾಗುತ್ತದೆ ಎಂದು ಹುಡುಗಿ ಮುಖ ತಿರುಗಿಸಿದರೆ, ಹೋಗಲಿ, ಗುಳಿಗೆ ಇದೆಯಲ್ಲ ಎಂದು ಈಗ ಬಿಟ್ಟುಬಿಡುತ್ತಿದ್ದಳು. ಒಂದು ದಿನ ಪಂಗತಿ ಮುಗಿದ ಮೇಲೆ ತುಂಗಾ ನನ್ನ ಸೆರಗು ಜಗ್ಗಿ, ಇನ್ನೆರಡು ಗುಳಿಗೆ ಕೊಡು ಎಂದಳು. ಯಾಕೆ ಎಂದು ಕೇಳಿದೆ.

"ಬಳಪ ತಿಂದಂಗ ಆಗ್ತೈತಿ ಅಕ್ಕಾ. ಭಾಳ ರುಚಿ ಅದಾವು. ನಾ ಈಗ ನುಂಗೂದ ಇಲ್ಲ, ಕಡಕೊಂಡು ತಿಂತೀನಿ."

ರಕ್ತ ಕಡಿಮೆಯಾದ ಬಸುರಿಗೆ ಮಣ್ಣು, ಬಳಪ ತಿನ್ನಬೇಕೆನಿಸುತ್ತದೆ ಎಂಬುದನ್ನು ನನಗೆ ಕಲಿಸಿದವರು ನೀವೇ. ನಾನು ಐದು ತಿಂಗಳು ತಿಂದ ಗುಳಿಗೆ ಒಮ್ಮೆ ಬಾಯಲ್ಲಿ ಒಡೆದಿತ್ತು. ತುಕ್ಕು ನೆಕ್ಕಿದ ಹಾಗಿತ್ತು, ಎರಡು ದಿನ ನಾಲಿಗೆ ಬಿಟ್ಟು ಹೋಗಿರಲಿಲ್ಲ. ಅದನ್ನು ರುಚಿ ಎನ್ನುವವರು ಇಲ್ಲ. ಮನೆಗೆ ಬಂದು ಒಂದು ಗುಳಿಗೆಯನ್ನು ನೀರಿನಲ್ಲಿ ಹಾಕಿದೆ. ಬಣ್ಣ ಬಿಟ್ಟಿತು. ಒಳಗೆ ಬೆಳ್ಳಗೆ. ಗೋಡೆಗೆ ಗೀಚಿದೆ, ಗೆರೆ ಬಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ನಿಮ್ಮ ದವಾಖಾನೆಯ ಆಯಾ ಕಾಶಿಬಾಯಿಯ ಮುಂದೆ ತೆರೆದೆ. ಅವಳು ಒಳ್ಳೆಯವಳು, ಅವಳ ಮೇಲೆ ಸಿಟ್ಟು ಮಾಡಬೇಡಿ. ಸುತ್ತ ನೋಡಿ, "ಖರ್‍ಯಾ ಗೋಳ್ಯಾ ಸಂಕ್ರಾಂತೀಲಾಚ ಸಂಪಲ್ಯಾ, ಬಾಯಿ" ಎಂದಳು. ನಿಜವಾದ ಗುಳಿಗೆಗಳು ಸಂಕ್ರಾಂತಿಗೇ ಮುಗಿದವು. ಆಗ ನನಗೆ ಅರ್ಥವಾಗುವಷ್ಟು ಮರಾಠಿ ಬಂದಿತ್ತು.

ನಿಮ್ಮ ಕೋಣೆಗೆ ಬಂದೆ. ನೀವು ಅಲ್ಲಗಳೆಯಲಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಕುರ್ಚಿ ಕೊಟ್ಟು ಕೂರಿಸಿ, ತಾಳ್ಮೆಯಿಂದಲೇ ಹೇಳಿದಿರಿ. "ಗುಳಿಗಿ ಮುಗದಾವು ಅಂತ ಹೇಳಿದ್ರ ಈ ಹೆಣ್ಮಕ್ಕಳು ಮರುದಿನದಿಂದ ಬರೂದ ಬಿಡ್ತಾರ. ಮತ್ತ ಕರಕೊಂಡು ಬರಲಿಕ್ಕೆ ಎರಡು ವರ್ಷ ಬೇಕು. ರೂಢಿ ತಪ್ಪಬಾರದು ಅಂತ ಮಾಡಿದೆ. ಸೀಮಿಸುಣ್ಣ ಯಾರಿಗೂ ಏನೂ ಮಾಡೂದಿಲ್ಲ."

"ನನಗರ ಹೇಳಬೇಕಾಗಿತ್ತಲ್ರಿ" ಎಂದೆ.

"ನಿನಗ ಹೇಳಿದ್ದರ ನಿನ್ನ ಮಾರಿ ಮ್ಯಾಲೆ ಕಾಣಸ್ತಿತ್ತು. ನಿನಗ ಸುಳ್ಳು ಹೇಳಲಿಕ್ಕೆ ಬರೂದಿಲ್ಲ. ಅದಕ್ಕ ಅವರು ನಿನ್ನ ಮಾತು ನಂಬತಾರ."

ಮಾನ್ಯರೇ, ಇದನ್ನು ನೀವು ಹೊಗಳಿಕೆಯಂತೆ ಹೇಳಿದಿರಿ. ನನ್ನಲ್ಲಿ ಒಂದು ಒಳ್ಳೆಯ ಗುಣವಿದ್ದರೆ ಅದನ್ನು ಕಂಡುಹಿಡಿದವರು ನೀವು, ಕಂಡುಹಿಡಿದು ಸುಳ್ಳು ಸಾಗಿಸುವ ಬಂಡಿಗೆ ಹೂಡಿದವರೂ ನೀವು.

ಸೀಮೆಸುಣ್ಣ ಏನೂ ಮಾಡುವುದಿಲ್ಲ ಎಂಬ ಮಾತನ್ನು ನಾನು ಬಹಳ ಯೋಚಿಸಿದೆ. ನಿಜ, ಅದು ಏನೂ ಮಾಡುವುದಿಲ್ಲ. ಬಸುರಿಯ ಮೈಯಲ್ಲಿ ರಕ್ತವಿಲ್ಲದಾಗ ಏನೂ ಮಾಡದೆ ಇರುವುದೇ ದೊಡ್ಡ ಅಪಾಯ ಎಂದು ಬೋಧಿಸಿದವರು ಯಾರು? ಗುಳಿಗೆ ಮುಗಿದಿದೆ ಎಂದು ಒಂದು ಮಾತು ಹೇಳಿದ್ದರೆ ಉಮಾಕಾಂತ ಸೀತಾಬರ್ಡಿಯ ಔಷಧದ ಅಂಗಡಿಗಳನ್ನೆಲ್ಲ ತಿರುಗಿ ತರುತ್ತಿದ್ದ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆವು. ಏನೂ ಆಗದಿದ್ದರೆ ಲಕ್ಷ್ಮವ್ವ ಮೂಗು ಹಿಡಿದಾದರೂ ಸೊಪ್ಪು ತಿನ್ನಿಸುತ್ತಿದ್ದಳು. ಇಲ್ಲವೆಂಬುದು ಗೊತ್ತಾದರೆ ಬಡವರು ಹುಡುಕುತ್ತಾರೆ. ಇದೆಯೆಂದು ನಂಬಿ ಕೂತರೆ ಹುಡುಕುವವರು ಯಾರು? ನಮ್ಮ ಹೆಂಗಸರು ಓಡಿಹೋಗುತ್ತಾರೆ ಎಂದಿರಿ. ಬಿಸಿಲಲ್ಲಿ, ಬಾತ ಕಾಲಿನಲ್ಲಿ, ಅತ್ತೆಯರ ಬೈಗುಳ ಕೇಳಿಕೊಂಡು ಬಂದವರು ಒಂದು ನಿಜ ಕೇಳಿ ಓಡಿಹೋಗುತ್ತಿದ್ದರೇ? ಅಥವಾ ಫೆಬ್ರವರಿಯಲ್ಲಿ ದವಾಖಾನೆ ನಡೆಸುವ ಕಮಿಟಿಯವರು ನೋಡಲು ಬರುವವರಿದ್ದುದರಿಂದ ಬಾಗಿಲಲ್ಲಿ ಸಾಲು ಕಾಣಿಸಬೇಕಾಗಿತ್ತೇ? ಅವರು ಬಂದು ಹೋದ ಮೇಲೆ ನಿಮ್ಮ ಅಂಗಳದಲ್ಲಿ ಹೊಸ ಫಲಕ ತೂಗಿತು. ಗುಳಿಗೆ ಹಂಚುವುದು ಒಂದು ದಿನವೂ ತಪ್ಪಿಲ್ಲ ಎಂದು ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಬರೆಸಿದ್ದೀರಿ. ಕನ್ನಡದಲ್ಲಿ ಯಾಕೋ ಬರೆಸಲಿಲ್ಲ. ನಮಗಾದರೂ ಅಷ್ಟು ಮರ್ಯಾದೆ ಉಳಿಸಿದಿರಿ.

ಆ ದಿನ ನಿಮ್ಮ ಕೋಣೆಯಿಂದ ನೇರವಾಗಿ ಬಂದು ನಾನು ಪಂಗತಿಯಲ್ಲಿ ಎಲ್ಲ ಹೇಳಿಬಿಟ್ಟೆ. ಅಷ್ಟು ಮಾತನ್ನು ಒಮ್ಮೆಲೆ ಆಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಚಂದ್ರಮ್ಮ ಹೋಗುವಾಗ ಚಾಪೆಯನ್ನು ಸುತ್ತಿ ನನ್ನ ಬಾಗಿಲಿಗೆ ಒರಗಿಸಿ ಹೋದಳು. ಲಕ್ಷ್ಮವ್ವ ಮಾತ್ರ ನಿಂತಳು.

"ನನ್ನ ಕೈಲೆ ಬಸರಿ ಉಡ್ಯಾಗ ಸುಣ್ಣ ಹಾಕಿಸಿದೆಲ್ಲ ಕಲಾವತಿ. ನಾ ನಿನಗೇನ್ ಮಾಡಿದ್ದೆ?"

ನನಗೂ ಗೊತ್ತಿರಲಿಲ್ಲ ಎಂದೆ. ಅವಳು ನಂಬಲಿಲ್ಲ. ಯಾಕೆ ನಂಬಬೇಕು? ಕಪ್ಪು ಯಾಕಾಗುವುದಿಲ್ಲ ಎಂದು ಅವಳು ಕೇಳಿದ ದಿನ ನಾನು ತಡವರಿಸದೆ ಉತ್ತರ ಕೊಟ್ಟಿದ್ದೆ.

ಈಗ ನಿಜವಾದ ಗುಳಿಗೆಗಳು ಬಂದಿವೆ. ಹದಿನೈದು ದಿನವಾಯಿತು. ಕಾಶಿಬಾಯಿ ಪೊಟ್ಟಣ ಕಟ್ಟಿ ತಂದುಕೊಟ್ಟಳು. ನಾನು ಗ್ಯಾಲರಿಯಲ್ಲಿ ನಿಂತು ಎಲ್ಲರ ಎದುರಿಗೆ ಒಂದನ್ನು ಕಚ್ಚಿ, ತುಕ್ಕಿನ ಬಣ್ಣವಾದ ನಾಲಿಗೆ ತೋರಿಸಿದೆ. ಈ ಸಲ ಬಣ್ಣ ಬೇರೆ ಹಾಕಿದ್ದಾರೆ ಎಂದರು. ಪೊಟ್ಟಣಗಳು ಮೋರಿಗೆ ಹೋದವು. ಏಳು ಜನರಲ್ಲಿ ಒಬ್ಬಳೂ ಈಗ ನಿಮ್ಮ ದವಾಖಾನೆಯ ಕಡೆ ಬರುವುದಿಲ್ಲ. ಯಾವುದು ಆಗಬಾರದೆಂದು ನೀವು ಸುಣ್ಣ ಕೊಟ್ಟಿರೋ ಅದೇ ಆಗಿದೆ. ಲಕ್ಷ್ಮವ್ವ, ಹೆರಿಗೆ ಮನೆಯಲ್ಲೇ, ಸೂಲಗಿತ್ತಿಗೆ ಹೇಳಿದ್ದೇನೆ, ದವಾಖಾನೆಯ ನೆರಳೂ ಬೇಡ ಎಂದಿದ್ದಾಳೆ. ಉಮಾಕಾಂತ ತಾಯಿಯ ಮಾತು ಮೀರುವವನಲ್ಲ. ತುಂಗಾ ಈಗ ಕೂತಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಾಳೆ. ಎರಡು ಮಾತಿಗೆ ಒಮ್ಮೆ ಉಸಿರು ಎಳೆದುಕೊಳ್ಳುತ್ತಾಳೆ. ಇಷ್ಟು ರಕ್ತ ಕಡಿಮೆಯಿದ್ದವಳಿಗೆ ಹೆರಿಗೆಯಲ್ಲಿ ರಕ್ತ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ. ನೀವೇ ನನಗೆ ಹೇಳಿದ್ದಿರಿ, ನಿಮಗೆ ನೆನಪಿರಬೇಕು.

ಅವಳ ಹೆಸರನ್ನು ಪತ್ರಿಕೆಯಲ್ಲಿ ಬರೆಯಲೇ ಎಂದು ಅವಳನ್ನೇ ಕೇಳಿದೆ. ಅತ್ತೆ ಹಿಟ್ಟು ಬೀಸಿಸಲು ಹೋದ ಹೊತ್ತು ನೋಡಿ ಕೇಳಬೇಕಾಯಿತು. "ಬರಿ ಅಕ್ಕಾ. ಹೆಸರು ಬರದ್ರ ಇದ್ದ ರಕ್ತೇನ್ ಕಡಿಮಿ ಆಗೂದಿಲ್ಲ" ಎಂದು ನಕ್ಕಳು. ಆಮೇಲೆ, ಡಾಕ್ಟರಬಾಯಿ ಬರುತ್ತಾರೇನು ಎಂದು ಕೇಳಿದಳು. ಅವರನ್ನೇ ಕೇಳುತ್ತೇನೆ ಎಂದೆ. ತಯಾರು ಮಾಡಿದ ಉತ್ತರಗಳನ್ನು ಕೊಡುವುದನ್ನು ನಾನು ಬಿಟ್ಟಿದ್ದೇನೆ.

ಮೊನ್ನೆ ನೀವು ಕಾಶಿಬಾಯಿಯ ಕೈಯಲ್ಲಿ ಹೇಳಿ ಕಳಿಸಿದಿರಂತೆ: ಕಲಾವತಿಗೆ ಇನ್ನೊಮ್ಮೆ ಮನೆಮನೆಗೆ ಹೋಗಲು ಹೇಳು, ಅವಳಿಗೆ ಅದು ಚೆನ್ನಾಗಿ ಬರುತ್ತದೆ, ಹಿಂದಿನದನ್ನು ಮಾತ್ರ ಕೆದಕಬಾರದು ಎಂದು. ಹೋಗುವುದಿಲ್ಲ ಮಾನ್ಯರೇ. ಹಿಂದಿನದನ್ನು ಬಿಟ್ಟು ಮುಂದಿನದನ್ನು ಹೇಳಲು ನನ್ನಿಂದಾಗದು. ಆಡಿದರೂ ಕೇಳುವವರಿಲ್ಲ. ನಮ್ಮ ಯಜಮಾನರು, ದೊಡ್ಡವರ ಮೇಲೆ ಬರೆದು ನಾಳೆ ಅವರ ಹತ್ತಿರವೇ ಹೋಗಬೇಕಾದೀತು, ಯೋಚನೆ ಮಾಡು ಎಂದರು. ಅವರ ಮಾತು ಸುಳ್ಳಲ್ಲ. ನನ್ನ ಮಗಳಿಗೆ ಜ್ವರ ಬಂದರೆ ಈ ಚಾಳಿನ ಹತ್ತಿರ ಇರುವ ಡಾಕ್ಟರು ನೀವೊಬ್ಬರೇ. ಆದರೂ ಬರೆದೆ.

ನಾನು ಕೇಳುವುದು ನಿಮ್ಮ ಕೆಲಸ ಹೋಗಲಿ ಎಂದಲ್ಲ. ಕಮಿಟಿಯವರು ನಿಮ್ಮನ್ನು ವಿಚಾರಿಸುತ್ತಾರೋ ಬಿಡುತ್ತಾರೋ, ಅದು ಅವರಿಗೆ ಬಿಟ್ಟದ್ದು. ಈ ಪತ್ರ ಅಚ್ಚಾದ ವಾರದ ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ, ನೀವು ನಮ್ಮ ಗ್ಯಾಲರಿಗೆ ಬರಬೇಕು. ಕಾಶಿಬಾಯಿಯನ್ನು ಕಳಿಸಿದರೆ ನಡೆಯುವುದಿಲ್ಲ, ಕಂಪೌಂಡರನನ್ನು ಕಳಿಸಿದರೂ ನಡೆಯುವುದಿಲ್ಲ. ಏಳು ಜನರ ಎದುರಿಗೆ, ಅವರ ಅತ್ತೆಯರ ಎದುರಿಗೆ, ಇಂಥ ದಿನದಿಂದ ಇಂಥ ದಿನದವರೆಗೆ ನಾನು ಕೊಟ್ಟದ್ದು ಸುಣ್ಣ, ಈಗ ತಂದದ್ದು ಕಬ್ಬಿಣ ಎಂದು ನಿಮ್ಮ ಧಾರವಾಡದ ಮಾತಿನಲ್ಲಿಯೇ ಹೇಳಬೇಕು. ಬೈಯುತ್ತಾರೆ, ಕೇಳಿಸಿಕೊಳ್ಳಬೇಕು. ಆಮೇಲೆ ತುಂಗಾಳನ್ನು ಪರೀಕ್ಷಿಸಿ, ಹೆರಿಗೆ ದೊಡ್ಡ ಆಸ್ಪತ್ರೆಯಲ್ಲಿ ಆಗುವಂತೆ ನೀವೇ ನಿಂತು ಏರ್ಪಾಡು ಮಾಡಬೇಕು. ಗುಳಿಗೆ ಒಳ್ಳೆಯದೆಂದು ನೀವು ಎಷ್ಟು ಸಲ ಹೇಳಿದರೂ ಲಕ್ಷ್ಮವ್ವ ಇನ್ನು ನಂಬುವವಳಲ್ಲ. ನೀವು ಸುಳ್ಳು ಹೇಳಿದಿರಿ ಎಂದು ನೀವೇ ಹೇಳಿದರೆ ಅದೊಂದನ್ನು ನಂಬುತ್ತಾಳೆ. ಅಲ್ಲಿಂದ ಮುಂದೆ ಇನ್ನೊಂದು ಮಾತಿಗೆ ದಾರಿಯಾದರೂ ಆಗಬಹುದು.

ತುಂಗಾಳ ದಿನ ತುಂಬಲು ಮೂರು ವಾರ ಉಳಿದಿದೆ. ಬರಲು ಮನಸ್ಸು ಗಟ್ಟಿ ಮಾಡಿಕೊಳ್ಳಲು ನಿಮಗೆ ಎಷ್ಟು ದಿನ ಬೇಕೋ ನನಗೆ ತಿಳಿಯದು. ಅವಳ ಹತ್ತಿರ ಇರುವುದು ಇಷ್ಟೇ.

ಇಂತಿ,
ನಿಮ್ಮ ಪರವಾಗಿ ಹನ್ನೊಂದು ಬಾಗಿಲು ಬಡಿದು,
ಈಗ ಬಡಿಯಲು ಒಂದು ಬಾಗಿಲೂ ಉಳಿಯದ
ಕಲಾವತಿ
ರೈಲ್ವೆ ಚಾಳು, ನಾಗಪುರ